ತಮ್ಮ ಕೈಯಿಂದಲೇ ನೀಡಿಕೊಂಡವರು

ಮನೆಯಲ್ಲಿ ನಾನೊಬ್ಬಳೇ ಇರುವ ದಿನ ಏನು ತಿನ್ನುತ್ತೇನೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಸಿಕ್ಕಿಬಿದ್ದೆ. ಮರುದಿನ ಬರಬೇಕಾದ ಸೊಸೆ ಒಂದು ದಿನ ಮುಂಚೆಯೇ ಬಸ್ಸಿಳಿದು ಹಾವೇರಿಯ ನಮ್ಮ ಮನೆಗೆ ಬಂದವಳು ನೇರ ಅಡುಗೆಮನೆಗೇ ಬಂದುಬಿಟ್ಟಳು. ನನ್ನ ಕೈಯಲ್ಲಿ ತಾಟು. ತಾಟಿನಲ್ಲಿ ಮುರಿದ ಕಟಕ ರೊಟ್ಟಿ, ಅಂದರೆ ಬೇಯಿಸಿದ ಮೇಲೂ ಒಣಗಿಸಿ ಗರಿಗರಿ ಮಾಡಿಟ್ಟ ಜೋಳದ ರೊಟ್ಟಿ. ಅದರ ಮೇಲೆ ಮೊಸರು, ಮೊಸರಿನ ಮೇಲೆ ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಹಿಂಡಿಯ ಮೇಲೆ ಕಿವುಚಿದ ಬಾಳೆಹಣ್ಣು. ಹುಡುಗಿ ಮುಖ ಕಿವುಚಿಕೊಂಡಳು. ಯಾರಾದರೂ ಇದನ್ನು ತಿನ್ನುತ್ತಾರೇನು ಎಂದು ಕೇಳಿದಳು. ತಿಂದು ನೋಡು ಎಂದು ಚಮಚ ಕೊಟ್ಟೆ. ಒಂದು ಚಮಚ ತಿಂದಳು, ಇನ್ನೊಂದು ತಿಂದಳು. ಆಮೇಲೆ ನಿಧಾನಕ್ಕೆ ಅವಳದೂ ಹೊರಗೆ ಬಂತು. ಹಾಸ್ಟೆಲ್ಲಿನಲ್ಲಿ ಇದ್ದಾಗ ನೂಡಲ್ಸ್ ಪೊಟ್ಟಣವನ್ನು ಬೇಯಿಸದೆ ಹಾಗೇ ಪುಡಿ ಮಾಡಿ, ಖಾರದ ಪುಡಿ ಮತ್ತು ನಿಂಬೆಹುಳಿ ಹಾಕಿ, ಪೊಟ್ಟಣದಲ್ಲೇ ಕುಲುಕಿ ತಿನ್ನುತ್ತಿದ್ದಳಂತೆ, ಈಗಲೂ ಗಂಡ ಊರಲ್ಲಿಲ್ಲದಾಗ ಅದೇ ಅಂತೆ. ಎಲ್ಲರ ಹೊಟ್ಟೆಯಲ್ಲೂ ಇಂಥದ್ದೊಂದು ಗುಟ್ಟು ಇರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಒಂದು ವರ್ಷ ಆ ಗುಟ್ಟುಗಳೆಲ್ಲ ಒಟ್ಟಿಗೇ ಬಯಲಿಗೆ ಬಂದವು. ನಾನು ಇವತ್ತು ಏನಾಗಿದ್ದೇನೋ ಅದರಲ್ಲಿ ಅರ್ಧ ಆ ವರ್ಷದ್ದು ಎಂದು ನನಗೆ ಅನಿಸುತ್ತದೆ.

ನಾನು ಬೆಳೆದದ್ದು ರಾಣೆಬೆನ್ನೂರಿನಲ್ಲಿ, ಎದುರುಬದುರು ಮನೆಯವರು ಹೊಸ್ತಿಲ ಮೇಲೆ ಕೂತೇ ಮಾತಾಡಬಹುದಾದಷ್ಟು ಇಕ್ಕಟ್ಟಾದ ಓಣಿಯಲ್ಲಿ. ಮುಂದೆ ಪಡಸಾಲೆ, ಅಲ್ಲಿ ಅಪ್ಪನ ಹೊಲಿಗೆ ಮಷೀನು. ಅಪ್ಪ ಟೇಲರ್, ನೆಲದ ತುಂಬ ಬಣ್ಣದ ಚೂರುಬಟ್ಟೆ, ಎಲ್ಲಿ ಕಾಲಿಟ್ಟರೂ ಸೂಜಿಯ ಭಯ. ನಡುವೆ ಜೋಳದ ಚೀಲ, ಹಾಸಿಗೆ, ದೇವರು ಮೂರೂ ಹೊಂದಿಕೊಂಡಿದ್ದ ಒಂದು ಕತ್ತಲೆ ಕೋಣೆ. ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಒಗೆಯುವ ಕಲ್ಲು ಮತ್ತು ಕರಿಬೇವಿನ ಗಿಡವಿದ್ದ ಹಿತ್ತಲು. ಅಡುಗೆಮನೆಯ ಬಾಗಿಲಲ್ಲಿ ಒಂದು ಮಣೆ. ಆ ಮಣೆಯ ಮೇಲೆ ನನ್ನ ಆಯಿ, ಅಪ್ಪನ ತಾಯಿ. ಯಾರೇ ಒಳಗೆ ಹೋಗಲಿ, ಹೊರಗೆ ಬರಲಿ, ಆಯಿಯ ಮೊಣಕಾಲು ದಾಟದೆ ಸಾಧ್ಯವಿರಲಿಲ್ಲ. ಆಯಿ ಬ್ಯಾಡಗಿಯ ಮಗಳು. ಒಂದು ಸಲ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಕೂಡಿದ ಮೇಲೂ ರೊಟ್ಟಿ ಬಡಿಯುವ ಬಲ ಬರಲಿಲ್ಲ. ಕೈಯ ಬಲ ಹೋದದ್ದು ನಾಲಿಗೆಗೆ ಸೇರಿಕೊಂಡಿತು ಎಂದು ಅಪ್ಪ ಅವಳಿಗೆ ಕೇಳಿಸದ ಹಾಗೆ ಹೇಳುತ್ತಿದ್ದ.

ಆಯಿಯ ಸಂಸಾರದಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ತಮ್ಮ ಕೈಯಿಂದ ತಮಗೆ ನೀಡಿಕೊಳ್ಳಬಾರದು. ನೀಡುವುದು ಎಂದರೆ ನಮ್ಮ ಕಡೆ ಬಡಿಸುವುದು. ಎದುರಿಗೇ ರೊಟ್ಟಿಯ ಬುಟ್ಟಿ ಇದ್ದರೂ ಕೈ ಹಾಕುವಂತಿಲ್ಲ, ಇನ್ನೊಬ್ಬರು ಹಾಕಬೇಕು. ನೀಡುವವರಿಲ್ಲದವರು ಮಾತ್ರ ನೀಡಿಕೊಂಡು ತಿನ್ನುತ್ತಾರೆ, ಅದು ದಿಕ್ಕಿಲ್ಲದವರ ಲಕ್ಷಣ ಎಂದು ಆಯಿ ನಂಬಿದ್ದಳು. ಅವ್ವ ಅಪ್ಪನಿಗೆ ನೀಡುತ್ತಿದ್ದಳು, ಆಯಿಗೆ ನೀಡುತ್ತಿದ್ದಳು, ನನಗೆ ನೀಡುತ್ತಿದ್ದಳು. ಆಮೇಲೆ ಅವ್ವನಿಗೆ ನೀಡುವವರು ಯಾರೂ ಉಳಿದಿರುತ್ತಿರಲಿಲ್ಲ. ಅಪ್ಪನ ತಾಟನ್ನೇ ತನ್ನ ಕಡೆಗೆ ಎಳೆದುಕೊಂಡು, ಬುಟ್ಟಿಯ ತಳದ ರೊಟ್ಟಿ, ಪಾತ್ರೆಯ ಅಂಚಿಗೆ ಮೆತ್ತಿದ ಪಲ್ಯ, ಇಷ್ಟು ಮುಗಿಸಿ ಎದ್ದುಬಿಡುತ್ತಿದ್ದಳು. ಉಳಿದದ್ದನ್ನು ತಿನ್ನುವುದು ನೀಡಿಕೊಂಡ ಹಾಗಲ್ಲವಂತೆ, ಹಾಗಾಗಿ ಕಟ್ಟಳೆ ಮುರಿಯುತ್ತಿರಲಿಲ್ಲ. ನಿಮ್ಮ ಅವ್ವನಿಗೆ ತಿನ್ನಲು ಏನು ಇಷ್ಟ ಎಂದು ಆಗ ಯಾರಾದರೂ ಕೇಳಿದ್ದರೆ ನಾನು ‘ಉಳಿದದ್ದು’ ಎಂದೇ ಹೇಳುತ್ತಿದ್ದೆ.

ಅವ್ವನನ್ನು ಹೊಲದ ಕೆಲಸಕ್ಕೆ ಎಳೆದುಕೊಂಡು ಹೋದವಳು ಪಕ್ಕದ ಮನೆಯ ಮಾಬೂಬಿ ಖಾಲಾ. ಮಕ್ಕಳಿಗೆ ಉರ್ದುವಿನಲ್ಲಿ ಬೈದು, ಅದೇ ಉಸಿರಿನಲ್ಲಿ ನಮ್ಮ ಜೊತೆ ಕನ್ನಡದಲ್ಲಿ ನಗುವವಳು. ಹಲಗೇರಿ ರಸ್ತೆಯ ಬೀಜದ ಪ್ಲಾಟಿಗೆ ಅವಳು ಆಗಲೇ ಹೋಗುತ್ತಿದ್ದಳು. ನಮ್ಮ ಸೀಮೆಯಲ್ಲಿ ಇದು ಮನೆಮಾತು: ಟೊಮೆಟೊ, ಮೆಣಸಿನಕಾಯಿ, ಬೆಂಡೆಯ ಹೈಬ್ರಿಡ್ ಬೀಜ ಮಾಡುವುದು, ಅದಕ್ಕೆ ಹೆಣ್ಣುಮಕ್ಕಳು ಹೂವಿಗೆ ಹೂವು ಕೂಡಿಸುವುದು. ‘ಕ್ರಾಸಿಂಗಿಗೆ ಹೋಗೋದು’ ಎನ್ನುತ್ತಾರೆ. ಸಂಜೆ ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ತೆಗೆದಿಡಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಬಿಸಿಲೇರಿದರೆ ಪುಡಿ ಸತ್ತಿತು, ಒಂದು ದಿನ ತಡವಾದರೆ ಮೊಗ್ಗು ತಾನೇ ಅರಳಿ ಕೆಟ್ಟಿತು. ಒತ್ತಿದರೆ ಹೂವು ಮುರಿಯುತ್ತದೆ, ಮುಟ್ಟದಿದ್ದರೆ ಕಾಯಿ ಕಟ್ಟುವುದಿಲ್ಲ. ಅವ್ವ ವರ್ಷಗಟ್ಟಲೆ ಅಪ್ಪನ ಬ್ಲೌಸುಗಳಿಗೆ ಹುಕ್ಕು, ಕಾಜ ಮಾಡಿ ಹದಗೊಂಡಿದ್ದವಳು. ಅವಳ ಬೆರಳು ಹೂವಿಗೆ ಹೇಳಿ ಮಾಡಿಸಿದಂತಿತ್ತು. ಅವಳು ಕೂಡಿಸಿದ ಹೂವೆಲ್ಲ ಕಾಯಿ ಹಿಡಿಯುತ್ತವೆ ಎಂದು ಪ್ಲಾಟಿನ ಯಜಮಾನರು ಹೇಳಿದ್ದನ್ನು ಖಾಲಾ ಓಣಿಗೆಲ್ಲ ಸಾರಿದಳು.

ಅವ್ವ ಬದಲಾದದ್ದು ನನ್ನ ಕಣ್ಣೆದುರೇ. ಮುಂಚೆ ಅವಳು ಮನೆಯಲ್ಲಿ ಇದ್ದಾಳೋ ಇಲ್ಲವೋ ಎಂದು ಪಾತ್ರೆಯ ಸದ್ದಿನಿಂದ ತಿಳಿಯಬೇಕಿತ್ತು. ಈಗ ಅವಳು ಬಂದರೆ ಓಣಿಯ ತಿರುವಿನಿಂದಲೇ ನಗು ಕೇಳುತ್ತಿತ್ತು. ಬೆರಳ ತುದಿಗೆ ಹಳದಿ ಪುಡಿ, ಮೈಗೆ ಟೊಮೆಟೊ ಎಲೆಯ ಹಸಿ ವಾಸನೆ. ಯಾವ ಗಿಡ ಹೇಗೆ ಹಟ ಮಾಡಿತು, ಯಾವ ಮೊಗ್ಗು ಮೋಸ ಮಾಡಿತು ಎಂದು ಮಕ್ಕಳ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. ನನಗೆ ಆ ಹೊಸ ಅವ್ವನ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ, ಹಳೆಯ ಅವ್ವ ವಾಪಸು ಬಂದುಬಿಟ್ಟರೆ ಏನು ಮಾಡುವುದು ಎಂದು ಹೆದರಿಕೆಯಾಗುತ್ತಿತ್ತು.

ಹೆದರಿಕೆಗೆ ಕಾರಣವಿತ್ತು. ಹೂವಿನ ಹೊತ್ತೂ ಒಲೆಯ ಹೊತ್ತೂ ಒಂದೇ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಹೂವು ಕರೆಯುತ್ತದೆ, ಸಂಜೆ ಒಲೆ ಹೊತ್ತಿಸುವ ಹೊತ್ತಿಗೆ ಮೊಗ್ಗು ಕರೆಯುತ್ತದೆ. ಆಯಿ ಕೆಲಸಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ.

“ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಮಗ ತಣ್ಣನ ತಾಟಿಗೆ ಕುಂತ ದಿನ ನಿನ್ನ ಹೊಲ ಬಂದ್.”

ಶುರುವಿನಲ್ಲಿ ಅವ್ವ ಕೋಳಿಗಿಂತ ಮುಂಚೆ ಎದ್ದು ಹೇಗೋ ನಿಭಾಯಿಸಿದಳು. ಗಿಡ ಮೈತುಂಬ ಮೊಗ್ಗು ಬಿಡತೊಡಗಿದ ಮೇಲೆ ಆಗಲಿಲ್ಲ. ಬಿಡುವು ಸಿಕ್ಕ ದಿನ ಒಂದೇ ಸಮನೆ ರೊಟ್ಟಿ ಬಡಿದು, ಒಣಗಿಸಿ, ಕಟಕ ರೊಟ್ಟಿಯ ದೊಡ್ಡ ಅಟ್ಟಿಯನ್ನೇ ಬುಟ್ಟಿಯಲ್ಲಿಟ್ಟು ಬಿಳಿ ಬಟ್ಟೆ ಮುಚ್ಚಿದಳು. ಆಯಿ ಆ ಬುಟ್ಟಿಯನ್ನು ನೋಡಿದ ರೀತಿ ನನಗೆ ನೆನಪಿದೆ. ಮನೆಯಲ್ಲಿರುವವರು ಬಿಸಿ ರೊಟ್ಟಿ ತಿನ್ನುತ್ತಾರೆ, ಹಾದಿಯಲ್ಲಿರುವವರು ಕಟಕ ರೊಟ್ಟಿ ತಿನ್ನುತ್ತಾರೆ, ನಾವು ಯಾವ ಊರಿಗೆ ಹೊರಟಿದ್ದೇವೆ ಎಂದು ಕೇಳಿದಳು. ಅವ್ವ ತಲೆ ತಗ್ಗಿಸಿಕೊಂಡು ಚಿಮಟ ಹುಡುಕಿದಳು.

ಆಗ ಅಪ್ಪ ಮಾಡಿದ್ದನ್ನು ನಾನು ಅವನ ಜೀವಮಾನದ ದೊಡ್ಡ ಸಾಹಸವೆಂದು ತಿಳಿಯುತ್ತೇನೆ. ಅಪ್ಪ ಯಾರ ಅಳತೆಯನ್ನಾದರೂ ಕಣ್ಣಲ್ಲೇ ತೆಗೆಯುತ್ತಿದ್ದ, ತಾಯಿಯ ಮಾತಿನ ಮುಂದೆ ಮಾತ್ರ ಕತ್ತರಿ ಓಡುತ್ತಿರಲಿಲ್ಲ. ಅಂಥವನು ಒಂದು ಮಧ್ಯಾಹ್ನ ಮಷೀನು ಬಿಟ್ಟು ಎದ್ದ. ಆಯಿಯ ಮೊಣಕಾಲು ದಾಟಿ ಅಡುಗೆಮನೆಗೆ ಹೋದ. ಸ್ಟೋವ್ ಹಚ್ಚಿ ಚಹಾ ಕುದಿಸಿದ. ದೊಡ್ಡ ಬಟ್ಟಲಿಗೆ ಮಂಡಕ್ಕಿ ಸುರುವಿ, ಅದರ ಮೇಲೆ ಬಿಸಿ ಚಹಾ ಹೊಯ್ದು, ಚಮಚ ಹಿಡಿದು ಕೂತ. ಮಂಡಕ್ಕಿ ಚುರ್ ಎಂದು ಕುಗ್ಗಿತು. ಅಪ್ಪ ಕಣ್ಣು ಮುಚ್ಚಿ ತಿಂದ. ಕಲಿಯುವ ಕಾಲದಲ್ಲಿ, ಮಾಸ್ತರರ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದಾಗ ದಿನಾ ತಿನ್ನುತ್ತಿದ್ದುದಂತೆ, ಮದುವೆಯಾದ ಮೇಲೆ ಕೇಳಲು ನಾಚಿಕೆಯಂತೆ. ಮೊದಲಿಗೆ ನಾಟಕ ಮಾಡುತ್ತಿದ್ದಾನೆ ಅಂದುಕೊಂಡೆ. ಬಟ್ಟಲಿನ ತಳ ಬೆರಳಿನಿಂದ ಬಳಿದಾಗ ನಾಟಕವಲ್ಲವೆಂದು ಗೊತ್ತಾಯಿತು.

ನನಗೆ ಅದು ಅಪ್ಪಣೆ ಸಿಕ್ಕ ಹಾಗಾಯಿತು. ಬುಟ್ಟಿಯ ಬಟ್ಟೆ ಸರಿಸಿ ಒಂದು ಕಟಕ ರೊಟ್ಟಿ ಎಳೆದು, ಪಟಪಟ ಮುರಿದು, ಮೊಸರು ಹಾಕಿದೆ. ಸಪ್ಪೆ ಅನಿಸಿ ಹಿಂಡಿ ಹಾಕಿದೆ, ಖಾರ ಅನಿಸಿ ಬಾಳೆಹಣ್ಣು ಹಾಕಿದೆ. ತಪ್ಪಿನ ಮೇಲೆ ತಪ್ಪು ಹೇರಿ ನನ್ನ ಊಟ ಹುಟ್ಟಿತು. ರೊಟ್ಟಿಯ ಒಂದು ತುಂಡು ಮೆತ್ತಗೆ, ಇನ್ನೊಂದು ಇನ್ನೂ ಕಟಕಟ. ಯಾರೂ ಕಲಿಸದೆ, ಯಾರನ್ನೂ ಕೇಳದೆ ನನ್ನ ನಾಲಿಗೆಗೆ ನಾನೇ ಮಾಡಿಕೊಂಡ ಮೊದಲ ವಸ್ತು ಅದು. ಈಗ ನಗು ಬರುತ್ತದೆ, ಆದರೆ ಆವತ್ತು ಹಿತ್ತಲ ಕಲ್ಲಿನ ಮೇಲೆ ಕೂತು ಅದನ್ನು ತಿನ್ನುವಾಗ ನಾನು ಯಾರೋ ಒಬ್ಬಳು ಎಂದು ನನಗೆ ಅನಿಸಿತ್ತು. ಅವ್ವ ಬರುವ ಹೊತ್ತಿಗೆ ನಾವಿಬ್ಬರೂ ಬಾಯಿ ಒರೆಸಿಕೊಂಡು, ಊಟ ಆಗಿದೆ, ಹೊಟ್ಟೆ ತುಂಬಿದೆ ಎಂದು ಒಂದೇ ರಾಗದಲ್ಲಿ ಹೇಳಿದೆವು. ಅವ್ವನ ಮುಖದಲ್ಲಿ ಹಗುರ ಕಾಣಿಸಿತು. ಆಯಿ ಮಾತ್ರ ಮಣೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮಗ ಮೊಮ್ಮಗಳು ಸೇರಿ ತನ್ನ ಷರತ್ತಿಗೆ ಕಿಂಡಿ ಕೊರೆಯುತ್ತಿದ್ದಾರೆಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು.

ಆ ವಾರವೇ ಅವ್ವನಿಗೆ ಹೊಲದಿಂದ ಒಂದು ಮಾತು ಬಂತು. ಯಜಮಾನರು ಇನ್ನೊಂದು ಪ್ಲಾಟು ಹಿಡಿಯುವವರಿದ್ದರು. ಹೊಸದಾಗಿ ಬರುವ ಹುಡುಗಿಯರಿಗೆ ಕೈ ತಿದ್ದಿ ಕಲಿಸಬೇಕು, ಅವರ ಸಾಲನ್ನೆಲ್ಲ ನೋಡಿಕೊಳ್ಳಬೇಕು, ಅದಕ್ಕೆ ಶಾಂತವ್ವನೇ, ಅಂದರೆ ನನ್ನ ಅವ್ವನೇ, ಆಗಬೇಕು ಎಂದಿದ್ದರು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಮದುವೆಯ ದಾರಿ ಕಾಯಿಸಿದ್ದ ಹುಡುಗಿ ನನ್ನ ಅವ್ವ. ಅವಳು ಕಲಿಸುವವಳಾಗುವುದು! ಕಂದೀಲಿನ ಗಾಜು ಒರೆಸುತ್ತ ಒರೆಸುತ್ತ ಹೇಳಿದಳು, ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು. ಅಪ್ಪ ಹ್ಞೂಂ ಅಂದ. ಎಲ್ಲರೂ ಆಯಿಯ ಕಡೆ ನೋಡಿದೆವು. ಆಯಿ ಎದ್ದು ತನ್ನ ಹಾಸಿಗೆ ಬಿಡಿಸಿಕೊಂಡಳು. ಮರುದಿನದಿಂದ ಊಟ ಬಿಟ್ಟಳು.

ಜಗಳವಾಡಿ ಬಿಟ್ಟದ್ದಲ್ಲ. ಹಸಿವಿಲ್ಲ ಎಂದಳು, ಅಷ್ಟೇ. ಮಧ್ಯಾಹ್ನ ಅವ್ವ ಓಡೋಡಿ ಬಂದು ನೀಡಿದರೆ, ಹೊತ್ತು ಮೀರಿತು ಎಂದು ತಾಟು ಸರಿಸುವುದು. ಬೆಳಿಗ್ಗೆ ನೀಡಿದರೆ, ಇಷ್ಟು ಬೇಗ ಯಾರು ಉಣ್ಣುತ್ತಾರೆ ಎನ್ನುವುದು. ಚಹಾ, ಒಂದಿಷ್ಟು ಹಾಲು, ಅಷ್ಟರಲ್ಲೇ ದಿನ ತಳ್ಳುವುದು. ನಾನು ರೊಟ್ಟಿ ಬಡಿಯಲು ನೋಡಿದೆ, ಹಂಚಿಗೆ ಹೋಗುವ ಮುಂಚೆಯೇ ಹರಿಯಿತು. ಅಪ್ಪ ಹತ್ತಿರ ಕೂತು ಬುಟ್ಟಿಯಲ್ಲಿ ರೊಟ್ಟಿ ಇದೆಯಲ್ಲ, ನೀನೇ ತೆಗೆದುಕೊಂಡು ತಿನ್ನಬಹುದಲ್ಲ ಎಂದು ಕೇಳಿದ. ಆಯಿ ಅವನನ್ನು ದಿಟ್ಟಿಸಿ ನೋಡಿದಳು.

“ನನ್ನ ಕೈಲೆ ನಾ ನೀಡ್ಕೊಂಡು ಉಣ್ಣು ಕಾಲ ಬಂತಂದ್ರ ನಾ ಯಾಕ ಇರ್ಬೇಕು?”

ಅವ್ವನಿಗೆ ಅದು ಸಾಕಾಯಿತು. ಆಯಿ ಕುಗ್ಗುತ್ತಿರುವುದು ಅವಳ ಕಣ್ಣಿಗೂ ಕಾಣುತ್ತಿತ್ತು; ಆಯಿಯ ಕೈಬಳೆ ಸಡಿಲಾಗಿ ಮೊಣಕೈತನಕ ಹೋಗುತ್ತಿತ್ತು. ಒಂದು ಬೆಳಿಗ್ಗೆ, ಆಯಿ ಹಿತ್ತಲಿಗೆ ಹೋದ ಹೊತ್ತಿನಲ್ಲಿ, ಅವ್ವ ಅಪ್ಪನಿಗೆ ಇವತ್ತು ಯಜಮಾನರಿಗೆ ಹೇಳಿ ಕೆಲಸ ಬಿಟ್ಟುಬಿಡುತ್ತೇನೆ ಎಂದಳು. ಮುದುಕಿಯನ್ನು ಉಪವಾಸ ಕೆಡವಿ ಹೂವು ಕೂಡಿಸಿದರೆ ಯಾವ ದೇವರು ಮೆಚ್ಚುತ್ತಾನೆ ಎಂದಳು. ಅವಳ ದನಿ ಹಳೆಯ ಅವ್ವನ ದನಿ. ನನಗೆ ಅಳು ಬಂತು. ಅಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ ಇದ್ದ, ಗೆರೆ ಸೊಟ್ಟಗಾಗಿತ್ತು. ಅವ್ವ ಹೋದ ಸ್ವಲ್ಪ ಹೊತ್ತಿಗೆ ಅವನೂ ಹೊಲಿದ ಬಟ್ಟೆ ಕೊಟ್ಟುಬರಲು ಪೇಟೆಗೆ ಹೋದ. ಶಾಲೆಗೆ ರಜೆ ಇತ್ತು. ಮನೆಯಲ್ಲಿ ನಾನು ಮತ್ತು ಆಯಿ ಇಬ್ಬರೇ.

ಹೊತ್ತು ನೆತ್ತಿಗೇರಿದಾಗ ನನಗೆ ಹಸಿವಾಯಿತು. ಸಿಟ್ಟಿನಲ್ಲೇ ಬುಟ್ಟಿ ತೆರೆದು ನನ್ನ ಊಟ ಕಲೆಸಿಕೊಂಡೆ. ಬೇಕೆಂದೇ ಆಯಿಯ ಎದುರಿಗೆ ಕೂತು ತಿಂದೆ. ಆಯಿ ನೋಡುತ್ತಿದ್ದಳು. ಎಮ್ಮೆಗೂ ಇಂಥ ಬಾನಿ ಇಡುವುದಿಲ್ಲ ಎಂದಳು. ನಾನು ಇನ್ನೊಂದು ತುತ್ತು ಬಾಯಿಗಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ, ಮೊಸರು ಹಾಕಿದರೆ ಕಟಕ ರೊಟ್ಟಿಯ ಸುಖವೇ ಹೋಯಿತು, ಅದಕ್ಕೆ ಮೊಸರಲ್ಲ ಎಂದಳು. ಮತ್ತೇನು ಎಂದು ಕೇಳಿದೆ. ಅವಳ ಬಾಯಲ್ಲಿ ನೀರೂರಿದ್ದು ನನಗೆ ಕಂಡಿತು. ಗಂಟಲಿನ ಚರ್ಮ ಒಮ್ಮೆ ಮೇಲಕ್ಕೆ ಹೋಗಿ ಇಳಿಯಿತು. ನೀ ಸಣ್ಣಾಕಿ ಇದ್ದಾಗ ಏನು ತಿನ್ನುತ್ತಿದ್ದೆ ಎಂದು ನಾನು ಸುಮ್ಮನೆ ಕೇಳಿದೆ, ಮಾತು ಮುಂದುವರಿಯಲಿ ಎಂದು. ಆ ಪ್ರಶ್ನೆಯನ್ನು ಅವಳಿಗೆ ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆಯಿ ಹೇಳಿದಳು. ಬ್ಯಾಡಗಿಯಲ್ಲಿ ಅವಳ ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳಂತೆ. ಸುಗ್ಗಿ ಶುರುವಾದರೆ ಕೈ ಉರಿ. ಎಷ್ಟು ತೊಳೆದರೂ ಹೋಗದ ಉರಿ. ಆ ಕೈಯಿಂದ ಹಿಟ್ಟು ನಾದುವಂತಿಲ್ಲ, ಮಕ್ಕಳ ಮುಖ ಮುಟ್ಟುವಂತಿಲ್ಲ. ಹಾಗಾಗಿ ಸುಗ್ಗಿಗೆ ಮುಂಚೆಯೇ ಮಡಿಕೆ ತುಂಬ ಕಟಕ ರೊಟ್ಟಿ ಮಾಡಿಡುವುದು, ಸುಗ್ಗಿ ಮುಗಿಯುವವರೆಗೂ ಮಕ್ಕಳು ತಾವೇ ತೆಗೆದುಕೊಂಡು ತಿನ್ನುವುದು. ಓಣಿಯ ಎಲ್ಲ ಮನೆಯಲ್ಲೂ ಹಾಗೆಯೇ ಇತ್ತಂತೆ. ಆಯಿ ಹಿರಿಯ ಮಗಳು. ರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲದ ನೀರು ಚಿಮುಕಿಸಿ, ಕೆಂಡದಲ್ಲಿ ಮೆಣಸಿನಕಾಯಿ ಸುಟ್ಟು ಉಪ್ಪಿನ ಜೊತೆ ನುರಿದು, ಮೇಲೆ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಂಡು ತಿನ್ನುತ್ತಿದ್ದಳು. ಸಿಹಿ ಮೊದಲು, ಖಾರ ಆಮೇಲೆ. ಹೇಳುವಾಗ ಅವಳ ಕೆಟ್ಟ ಕೈ ಗಾಳಿಯಲ್ಲಿ ನುರಿಯುತ್ತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಒಮ್ಮೆ ಅದನ್ನೇ ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದಾಗ ಅವಳ ಅತ್ತೆ ನೋಡಿದಳು. ನಾಲ್ಕು ಜನರ ಮುಂದೆ ಒಂದು ಮಾತು ಕೇಳಿದಳು.

“ನಿಮ್ಮ ತವರಾಗ ಒಲಿ ಹಚ್ತಾರೇನು, ಇಲ್ಲಾ ನಾಯಿ ಬೆಕ್ಕಿನಗತೆ ಕಂಡದ್ದು ತಿಂತೀರೇನು?”

ಅವತ್ತಿನಿಂದ ಬಿಟ್ಟಳು. ನೀಡುವವರಿಲ್ಲದ ಮನೆಯವಳು ಎನಿಸಿಕೊಳ್ಳಬಾರದೆಂದು, ಬಿಸಿ ರೊಟ್ಟಿ, ನೀಡುವುದು, ನೀಡಿಸಿಕೊಳ್ಳುವುದು, ಇದನ್ನೆಲ್ಲ ಅತ್ತೆಗಿಂತ ಬಿಗಿಯಾಗಿ ಹಿಡಿದಳು. ಇಷ್ಟನ್ನು ಹೇಳಿ ಆಯಿ ಬಾಗಿಲ ಚೌಕಟ್ಟಿಗೆ ತಲೆ ಆನಿಸಿದಳು. ನನಗೆ ಇಷ್ಟೆಲ್ಲ ಅರ್ಥವಾಗುವ ವಯಸ್ಸಲ್ಲ. ನನಗೆ ಅರ್ಥವಾದದ್ದು ಒಂದೇ, ಆಯಿಗೆ ಹಸಿವಾಗಿದೆ. ಮಾಡಿಕೊಡಲೇನು ಎಂದು ಕೇಳಿದೆ.

“ನಿನಗೆಲ್ಲಿ ತಿಳೀತದ, ಎಷ್ಟು ಸುಡಬೇಕಂತ. ಅದು ಹೇಳಾಕ ಬರೂದಿಲ್ಲ. ಸರಿ ಅತ್ತಾಗ.”

ಅವಳು ಎದ್ದಳು. ಒಲೆಯ ಬೂದಿ ಕೆದರಿದರೆ ಕೆಂಡ ಇನ್ನೂ ಇತ್ತು. ಡಬ್ಬಿಯಿಂದ ಉದ್ದನೆಯ, ಸುಕ್ಕುಸುಕ್ಕಾದ ಬ್ಯಾಡಗಿ ಮೆಣಸಿನಕಾಯಿ ಆರಿಸಿ ಕೆಂಡದ ಮೇಲಿಟ್ಟಳು. ಅದು ಉಬ್ಬಿತು, ಕಪ್ಪಾಯಿತು, ಘಾಟು ಎದ್ದಿತು. ಇಬ್ಬರಿಗೂ ಸೀನು, ಕೆಮ್ಮು, ಕಣ್ಣಲ್ಲಿ ನೀರು. ಕೆಮ್ಮುತ್ತಲೇ ಆಯಿ ನಕ್ಕಳು. ಬುಟ್ಟಿಯ ಬಿಳಿ ಬಟ್ಟೆಯನ್ನು ತಾನೇ ಸರಿಸಿ, ರೊಟ್ಟಿಯನ್ನು ತಾನೇ ತೆಗೆದು, ಎಡಗೈಯಿಂದ ಪುಡಿ ಮಾಡಿದಳು. ಬೆಲ್ಲದ ನೀರು ಅಷ್ಟಷ್ಟೇ ಚಿಮುಕಿಸಿದಳು, ಎಣ್ಣೆ ಬಿಟ್ಟಳು. ತಾಟು ಹಿಡಿದು ಹಿತ್ತಲ ಬಿಸಿಲಿಗೆ ಹೋಗಿ, ನಾನು ಕೂರುವ ಕಲ್ಲಿನ ಮೇಲೆ ಕೂತಳು. ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಎರಡನೆಯದಕ್ಕೆ ಕಣ್ಣೀರು ಬಂತು. ಖಾರಕ್ಕೇ ಬಂತೆಂದು ನಾನು ನೀರು ತಂದುಕೊಟ್ಟೆ. ಅವಳು ಚರಗಿಯನ್ನು ಪಕ್ಕಕ್ಕಿಟ್ಟು ತಿನ್ನುತ್ತಲೇ ಇದ್ದಳು.

ಅಷ್ಟರಲ್ಲಿ ಓಣಿಯಲ್ಲಿ ಓಡುವ ಸದ್ದು. ಹೊಲದಿಂದ ಬರುತ್ತಿದ್ದ ಅವ್ವ ಮತ್ತು ಮಾಬೂಬಿ ಖಾಲಾಗೆ ತಿರುವಿನಲ್ಲೇ ಸುಟ್ಟ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದಿತ್ತು. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಒಲೆಗೆ ಮೆಣಸಿನಕಾಯಿ ಹಾಕುವುದು ದೃಷ್ಟಿ ತೆಗೆಯುವುದಕ್ಕೆ, ಅದೂ ಯಾರಾದರೂ ಕಾಯಿಲೆ ಬಿದ್ದು ಮಲಗಿದಾಗ. ಊಟ ಬಿಟ್ಟ ಮುದುಕಿ ನೆಲ ಹಿಡಿದಳು, ಯಾರೋ ಬಂದು ನಿವಾಳಿಸುತ್ತಿದ್ದಾರೆ ಎಂದೇ ಇಬ್ಬರೂ ತಿಳಿದಿದ್ದರು. ಅವ್ವ ಏದುಸಿರು ಬಿಡುತ್ತ ಹಿತ್ತಲಿಗೆ ಬಂದು ನಿಂತಳು. ಬಿಸಿಲಲ್ಲಿ ಕೂತು, ಸೆರಗು ಜಾರಿ, ಎಣ್ಣೆಗೈಯಲ್ಲಿ ತಾಟು ಬಳಿಯುತ್ತಿದ್ದ ಅತ್ತೆಯನ್ನು, ಬರಿದಾಗುತ್ತಿದ್ದ ತಾಟನ್ನು ನೋಡಿದಳು. ದೃಷ್ಟಿ ಏನೂ ಆಗಿಲ್ಲ ಬಿಡ್ರಿ, ಘಾಟು ಓಣಿತುಂಬ ಎದ್ದೈತಿ ಎಂದು ಖಾಲಾ ಹಿಂದಿನಿಂದ ನಕ್ಕಳು. ದೃಷ್ಟಿಯಾಗಿದ್ದರೆ ಘಾಟು ಏಳುವುದಿಲ್ಲ ಎಂಬುದು ಲೆಕ್ಕ.

ಯಜಮಾನರಿಗೆ ಹೇಳಿದೆಯೇನು ಎಂದು ಆಯಿ ಕೇಳಿದಳು. ಬೆಳಗಿನ ಮಾತು ಅವಳ ಕಿವಿಗೆ ಬಿದ್ದಿತ್ತೆಂದು ನಮಗೆ ತಿಳಿದದ್ದೇ ಆಗ. ಬಾಯಿ ಬರಲಿಲ್ಲ, ಸಂಜೆ ಹೇಳುತ್ತೇನೆ ಎಂದಳು ಅವ್ವ. ತಾಟನ್ನು ಕಲ್ಲಿನ ಮೇಲಿಟ್ಟು ಆಯಿ ಮುಖ ಎತ್ತಿದಳು.

“ಏನೂ ಹೇಳಬ್ಯಾಡ. ನಂದು ಊಟ ಆತು.”

ಅವ್ವ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ನೀಡದೆ ಆಯಿಯ ಊಟ ಆದದ್ದು ಅದೇ ಮೊದಲು. ಹೊಲದ ಕೆಲಸ ತನಗೆ ಉಳಿಯಿತೆಂದು ಅವ್ವನಿಗೆ ತಕ್ಷಣ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಆಯಿ ಕೈ ತೊಳೆದುಕೊಂಡು, ನಾಳೆಯಿಂದ ಮಧ್ಯಾಹ್ನ ಬಿಸಿಲಲ್ಲಿ ಓಡಿ ಬರುವುದು ಬೇಡ, ಹೊಲದಲ್ಲೇ ನೆರಳು ಹಿಡಿದು ಕೂಡು ಎಂದಳು. ಆ ಹುಡುಗಿಯರಿಗೆ ಕಲಿಸುವಾಗ ಬೈಯಬೇಡ, ಬೈದರೆ ಕೈ ನಡುಗುತ್ತದೆ ಎಂದು, ಬೈಯುವುದರಲ್ಲೇ ಹೆಸರಾದವಳು ಬುದ್ಧಿಯನ್ನೂ ಹೇಳಿದಳು. ಆಮೇಲೆ ಮೊಗ್ಗಿನ ಹೊತ್ತಾಗುತ್ತದೆ, ಉಂಡು ಹೋಗು, ಏನು ತಿನ್ನುತ್ತೀ ಎಂದು ಕೇಳಿದಳು.

ಅವ್ವ ಅಡುಗೆಮನೆಗೆ ಹೋದಳು. ತಾಟು ಕೈಗೆತ್ತಿಕೊಂಡಳು. ಉಳಿದದ್ದು ಏನೂ ಇರಲಿಲ್ಲ. ಬುಟ್ಟಿ ನೋಡಿದಳು, ಮೊಸರಿನ ಗಡಿಗೆ ನೋಡಿದಳು, ಮಂಡಕ್ಕಿಯ ಡಬ್ಬಿ ನೋಡಿದಳು. ಒಂದೊಂದೂ ಯಾರದೋ ಒಬ್ಬರದು. ಖಾಲಿ ತಾಟು ಹಿಡಿದು ಅಡುಗೆಮನೆಯ ನಡುವೆ ನಿಂತ ಅವಳ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ.

“ನನಗೇನ್ ಬೇಕಂತ ನನಗ ಗೊತ್ತಾಗವಲ್ದರಿ ಅತ್ತಿ.”

ಅವಳು ನಗುತ್ತ ಹೇಳಲು ನೋಡಿದಳು, ಆಗಲಿಲ್ಲ. ಆಯಿ ತನ್ನ ಮಣೆಯನ್ನು ಬಾಗಿಲಿನಿಂದ ಗೋಡೆಯ ಕಡೆಗೆ ಸರಿಸಿಕೊಂಡು ಕೂತಳು.

“ಹುಡುಕು. ನನಗ ನೆನಪಾಗೂದ್ರಾಗ ಮುದಿಕಿ ಆದೆ. ನೀ ಅಷ್ಟು ತಡಾ ಮಾಡಬ್ಯಾಡ.”

ಹೊರಗಿನಿಂದ ಖಾಲಾ ಕೂಗಿದಳು. ಅವ್ವ ತಾಟು ಬೋರಲು ಹಾಕಿ ಚಿಮಟ ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಖಾಲಾ ಹೊಲದ ಬದುವಿನಿಂದ ಕಿತ್ತುತಂದಿದ್ದ ಎಳೆ ಸವತಿಕಾಯಿ ಒಂದನ್ನು ಅವಳ ಕೈಗೆ ತುರುಕಿದಳು. ನಾನು ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದೆ. ನಮ್ಮ ಓಣಿಯಲ್ಲಿ ಹೆಂಗಸರು ತಿನ್ನುತ್ತ ನಡೆಯುವುದಿಲ್ಲ. ಅವ್ವ ನಾಲ್ಕು ಹೆಜ್ಜೆ ಹೋದಳು, ಆಚೀಚೆ ನೋಡಿದಳು, ಸವತಿಕಾಯಿ ಕಚ್ಚಿದಳು. ಅಗಿದಳು. ತಿರುವಿನ ಹತ್ತಿರ ಹೋದವಳು ನಿಂತಳು. ಖಾಲಾಗೆ ಏನೋ ಹೇಳಿ ತಿರುಗಿ ಬಂದಳು, ನನ್ನೆದುರು ಬಂದು ಅಂಗೈ ಚಾಚಿದಳು. ಬೆರಳ ತುದಿಯಲ್ಲಿ ಹಳದಿ ಪುಡಿ ಇನ್ನೂ ಇತ್ತು. ನಾಚಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು.

“ಗಿರ್ಜಾ, ಒಂಚೂರು ಉಪ್ಪು ಖಾರ ಕೊಡವಾ. ಇದಕ್ಕ ಅದು ಬೇಕನಸಾಕತ್ತೈತಿ.”

ಅವ್ವ ತನಗಾಗಿ ಏನಾದರೂ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಓಡಿ ಹೋಗಿ ಹಿಡಿ ತುಂಬ ತಂದುಕೊಟ್ಟೆ.